ಕೇಳಿದ್ದನ್ನು ತಿರುಗಿ ಹೇಳು

ಕನ್ನಡದಲ್ಲಿ ಎಣಿಸುವಾಗ ಮೂರು ಅಂಕಿಗಳು ಕಿವಿಗೆ ಮೋಸ ಮಾಡುತ್ತವೆ. ಒಂಬತ್ತು, ಎಂಬತ್ತು, ತೊಂಬತ್ತು. ಮೆಲ್ಲಗೆ ಹೇಳಿದರೆ ಬೇರೆ ಬೇರೆ, ಗದ್ದಲದಲ್ಲಿ ಹೇಳಿದರೆ ಮೂರೂ ಒಂದೇ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಬ್ಯಾಂಕುಗಳಿಗೆ ಇನ್ನೂ ಕಂಪ್ಯೂಟರ್ ಬಂದಿರದ ಕಾಲ. ಒಬ್ಬರು ಚೀಟಿ ಓದಿ ಹೇಳುವುದು, ಇನ್ನೊಬ್ಬರು ದೊಡ್ಡ ಪುಸ್ತಕದಲ್ಲಿ ಬರೆಯುವುದು. ಅವತ್ತು ಸಂತೆ. ಹೊರಗೆ ಕುರಿಗಳ ಕೂಗು, ಒಳಗೆ ಜನರ ಗದ್ದಲ. ಜೊತೆಯವರು "ಮೂರು ಸಾವಿರದ ಎಂಬತ್ತು" ಎಂದರು. ನಾನು 3,090 ಎಂದು ಬರೆದೆ. ಸಂಜೆ ಲೆಕ್ಕ ಕೂಡಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ! ಹತ್ತು ರೂಪಾಯಿಯನ್ನು ಜೇಬಿನಿಂದ ಹಾಕಿ ಮನೆಗೆ ಹೋಗಲು ಬ್ಯಾಂಕಿನಲ್ಲಿ ಬರುವುದಿಲ್ಲ. ಒಂದೊಂದೇ ಚೀಟಿ ತೆಗೆದು ನೋಡುತ್ತ ರಾತ್ರಿ ಒಂಬತ್ತಾಯಿತು. ಕೊನೆಗೆ ತಪ್ಪು ಸಿಕ್ಕಾಗ ನಮ್ಮ ಮ್ಯಾನೇಜರು ಬೈಯಲಿಲ್ಲ. "ತಪ್ಪು ಕೇಳಿಸೂದು ಸಹಜ. ಕೇಳಿದ್ದನ್ನ ತಿರುಗಿ ಹೇಳಿದ್ರ ಆಗಲೇ ಸಿಗತಿತ್ತು. ನಾಳಿಂದ ತಿರುಗಿ ಹೇಳು" ಎಂದಷ್ಟೇ ಹೇಳಿದರು.

ಮರುದಿನದಿಂದ ನಾನು ನಿವೃತ್ತಿಯವರೆಗೂ ತಿರುಗಿ ಹೇಳುತ್ತಲೇ ಇದ್ದೆ. ಇದೇ ಪಾಠವನ್ನು ಆಕಾಶದಲ್ಲಿ ವಿಮಾನ ನಡೆಸುವವರೂ ದಿನಕ್ಕೆ ನೂರಾರು ಸಲ ಪಾಲಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಮೊಮ್ಮಗನಿಂದ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವಾಗ ಅವನು ಕೇಳಿದ: "ಅಜ್ಜಾ, ಮ್ಯಾಲ ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಎದುರಿಗೆ ಇನ್ನೊಂದು ವಿಮಾನ ಬಂದ್ರ?" ಆಗ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಓದುತ್ತ ಹೋದೆ. ಓದಿದ್ದನ್ನು ಅವನಿಗೂ, ಅವನಂಥ ಎಲ್ಲ ಮಕ್ಕಳಿಗೂ, ನನ್ನಂಥ ಅಜ್ಜ ಅಜ್ಜಿಯರಿಗೂ ಇಲ್ಲಿ ಹೇಳುತ್ತಿದ್ದೇನೆ.

ಕಾಣದ ರಸ್ತೆ, ಕಾಣದ ಪೊಲೀಸ್

ಆಕಾಶದಲ್ಲಿ ರಸ್ತೆ ಇದೆ ಮಕ್ಕಳೇ. ಕಣ್ಣಿಗೆ ಕಾಣುವುದಿಲ್ಲ, ನಕ್ಷೆಯಲ್ಲಿ ಇರುತ್ತದೆ. ಪೊಲೀಸರೂ ಇದ್ದಾರೆ. ಅವರ ಹೆಸರು ವಿಮಾನ ಸಂಚಾರ ನಿಯಂತ್ರಕರು. ನಮ್ಮ ದೇಶದಲ್ಲಿ ನಾಗರಿಕ ವಿಮಾನಗಳ ಈ ಕೆಲಸವನ್ನು ಮುಖ್ಯವಾಗಿ ನೋಡಿಕೊಳ್ಳುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ವಿಮಾನ ನಿಲ್ದಾಣದಲ್ಲಿ ಗಾಜಿನ ತಲೆಯ ಎತ್ತರದ ಗೋಪುರ ನೋಡಿದ್ದೀರಲ್ಲ, ಅದರೊಳಗೆ ಕೆಲವರು ಇರುತ್ತಾರೆ. ಇನ್ನು ಕೆಲವರು ಮಬ್ಬು ಬೆಳಕಿನ ಕೋಣೆಯಲ್ಲಿ ರಾಡಾರ್ ಪರದೆಯ ಮುಂದೆ ಕುಳಿತಿರುತ್ತಾರೆ. ಪರದೆಯ ಮೇಲೆ ಚುಕ್ಕೆಗಳು ಸರಿಯುತ್ತಿರುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ವಿಮಾನ. ಅದರಲ್ಲಿ ನೂರು, ಇನ್ನೂರು ಜನ.

ಒಂದು ವಿಮಾನವನ್ನು ಒಬ್ಬರೇ ಕೊನೆಯವರೆಗೆ ನೋಡಿಕೊಳ್ಳುವುದಿಲ್ಲ. ನಿಂತಲ್ಲಿಂದ ರನ್‌ವೇಯವರೆಗೆ ಒಬ್ಬರು, ಹಾರುವ ಮತ್ತು ಇಳಿಯುವ ಅನುಮತಿ ಕೊಡುವುದು ಗೋಪುರದವರು, ಮೇಲೇರಿದ ಮೇಲೆ ರಾಡಾರ್ ಕೋಣೆಯವರು, ಇನ್ನೂ ದೂರ ಹೋದ ಮೇಲೆ ಮತ್ತೊಬ್ಬರು. ಓಟದ ಪಂದ್ಯದಲ್ಲಿ ಕೋಲು ಕೈಯಿಂದ ಕೈಗೆ ಹೋಗುವ ಹಾಗೆ ವಿಮಾನವೂ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಪ್ರತಿಸಲ ಪೈಲಟ್ ತನ್ನ ರೇಡಿಯೋದ ತರಂಗಾಂತರ ಬದಲಾಯಿಸಿ ಹೊಸಬರಿಗೆ ನಮಸ್ಕಾರ ಹೇಳುತ್ತಾನೆ.

ಇವರ ಲೆಕ್ಕ ಹೀಗಿರುತ್ತದೆ. ಒಂದರ ಮೇಲೊಂದು ಹೋಗುವ ವಿಮಾನಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 1,000 ಅಡಿ ಅಂತರ ಬೇಕು. ಎತ್ತರ ಒಂದೇ ಆಗಿದ್ದರೆ ರಾಡಾರ್ ಇರುವ ಕಡೆ ಐದು ನಾವಿಕ ಮೈಲಿ, ಅಂದರೆ ಸುಮಾರು ಒಂಬತ್ತು ಕಿಲೋಮೀಟರ್ ದೂರ. ನಿಲ್ದಾಣದ ಹತ್ತಿರ ಇದು ಇನ್ನೂ ಕಡಿಮೆಯಾಗಬಹುದು. ಒಂಬತ್ತು ಕಿಲೋಮೀಟರ್ ಬಹಳ ದೂರ ಎನಿಸಿತೇ? ಎದುರುಬದುರು ಬರುವ ಎರಡು ಜೆಟ್ ವಿಮಾನಗಳು ಅಷ್ಟು ದೂರವನ್ನು ಅರ್ಧ ನಿಮಿಷವೂ ಹಿಡಿಯದೆ ಮುಗಿಸಿಬಿಡುತ್ತವೆ. ಹಾಗಾಗಿ ಅಂಕಿ ತಪ್ಪಾಗಿ ಕೇಳಿಸಿದರೆ, ನಮ್ಮ ಹಾಗೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕಲು ಅವರಿಗೆ ಸಮಯವಿಲ್ಲ.

ನೈನ್ ಅಲ್ಲ, ನೈನರ್

ಇಂಗ್ಲಿಷಿನಲ್ಲೂ ನಮ್ಮ ಎಂಬತ್ತು, ತೊಂಬತ್ತರ ಹಾಗೆ ಮೋಸದ ಅಂಕಿಗಳಿವೆ. ಕರಕರ ಎನ್ನುವ ರೇಡಿಯೋದಲ್ಲಿ ಫೈವ್ ಮತ್ತು ನೈನ್ ಒಂದೇ ರೀತಿ ಕೇಳಿಸುತ್ತವೆ. ಅದಕ್ಕೆ ಪೈಲಟ್‌ಗಳು ಒಂಬತ್ತಕ್ಕೆ "ನೈನರ್" ಎನ್ನುತ್ತಾರೆ, ಐದಕ್ಕೆ "ಫೈಫ್", ಮೂರಕ್ಕೆ "ಟ್ರೀ". ಅಕ್ಷರಗಳಿಗೂ ಹೀಗೇ. ಬಿ, ಡಿ, ಪಿ, ಟಿ ಎಲ್ಲವೂ ಒಂದೇ ರೀತಿ ಕೇಳಿಸುವುದರಿಂದ ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೊ ಎನ್ನುತ್ತಾರೆ. ನಮ್ಮ ದೇಶದ ವಿಮಾನಗಳ ಮೈಮೇಲೆ "ವಿಟಿ" ಎಂದು ಶುರುವಾಗುವ ಗುರುತು ಇರುತ್ತದೆ. ರೇಡಿಯೋದಲ್ಲಿ ಅದು "ವಿಕ್ಟರ್ ಟ್ಯಾಂಗೊ".

ಮಾತಿನ ವೇಗಕ್ಕೂ ಮಿತಿಯುಂಟು. ನಿಮಿಷಕ್ಕೆ ನೂರು ಪದಗಳನ್ನು ಮೀರಬಾರದು ಎಂಬುದು ಅಂತರರಾಷ್ಟ್ರೀಯ ಸಲಹೆ. ನಮ್ಮ ಓಣಿಯ ಮಕ್ಕಳು ಕ್ರಿಕೆಟ್ ಬಗ್ಗೆ ಮಾತಾಡುವ ವೇಗಕ್ಕೆ ಇದನ್ನು ಹೋಲಿಸಿದರೆ ಅದು ಎತ್ತಿನ ಗಾಡಿ!

ಇದೆಲ್ಲಕ್ಕಿಂತ ದೊಡ್ಡ ನಿಯಮ ನಮ್ಮ ಮ್ಯಾನೇಜರು ಹೇಳಿದ್ದೇ. ನಿಯಂತ್ರಕರು ಹೇಳಿದ ಎತ್ತರ, ದಿಕ್ಕು, ರನ್‌ವೇ, ತರಂಗಾಂತರ ಇವನ್ನೆಲ್ಲ ಪೈಲಟ್ ತಿರುಗಿ ಹೇಳಬೇಕು. ಬರೀ "ಹೂಂ" ಅಂದರೆ ಸಾಲದು. "ಎಂಟು ಸಾವಿರ ಅಡಿಗೆ ಇಳಿಯಿರಿ" ಎಂದರೆ, "ಎಂಟು ಸಾವಿರ ಅಡಿಗೆ ಇಳಿಯುತ್ತಿದ್ದೇನೆ" ಎಂದು ಹೇಳಿ, ಕೊನೆಗೆ ತನ್ನ ವಿಮಾನದ ಕರೆಹೆಸರನ್ನೂ ಸೇರಿಸಬೇಕು. ನಿಯಂತ್ರಕರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪೈಲಟ್ ತಿರುಗಿ ಹೇಳಿದ್ದನ್ನು ಅವರು ಗಮನವಿಟ್ಟು ಕೇಳಿ, ತಪ್ಪಿದ್ದರೆ ಆಗಲೇ ತಿದ್ದಬೇಕು.

ಸಿನಿಮಾದಲ್ಲಿ ಕೇಳಿದ "ರೋಜರ್" ಎಂಬ ಪದ ಮಕ್ಕಳಿಗೆ ಗೊತ್ತಿರುತ್ತದೆ. ಅದರ ಅರ್ಥ "ಆಗಲಿ" ಎಂದಲ್ಲ, "ನೀವು ಹೇಳಿದ್ದು ಪೂರ್ತಿ ಕೇಳಿಸಿತು" ಎಂದಷ್ಟೇ. ಕೇಳಿಸಿತು ಎನ್ನುವುದು ಬೇರೆ, ಮಾಡುತ್ತೇನೆ ಎನ್ನುವುದು ಬೇರೆ. ಈ ವ್ಯತ್ಯಾಸ ಪ್ರತಿ ಮನೆಯ ತಾಯಂದಿರಿಗೆ ಚೆನ್ನಾಗಿ ಗೊತ್ತು!

ಒಂದೇ ರನ್‌ವೇಗೆ ಎರಡು ಹೆಸರು

ನಮ್ಮ ಬೆಳಗಾವಿಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇಗೆ ಎರಡು ಹೆಸರು, 08 ಮತ್ತು 26. ದಿಕ್ಸೂಚಿಯಲ್ಲಿ ಪೂರ್ವ 90 ಡಿಗ್ರಿ, ಪಶ್ಚಿಮ 270 ಡಿಗ್ರಿ. ರನ್‌ವೇ ನೋಡುವ ದಿಕ್ಕಿನ ಡಿಗ್ರಿಯಿಂದ ಕೊನೆಯ ಸೊನ್ನೆ ತೆಗೆದರೆ ಅದರ ಹೆಸರು. ಸುಮಾರು 80 ಡಿಗ್ರಿಯ ಕಡೆಗೆ, ಅಂದರೆ ಪೂರ್ವದ ಕಡೆಗೆ ಇಳಿದರೆ ಅದು 08. ಅದೇ ಪಟ್ಟಿಯ ಮೇಲೆ ಪಶ್ಚಿಮದ ಕಡೆಗೆ ಇಳಿದರೆ 26. ರಸ್ತೆ ಒಂದೇ, ಹೋಗುವ ದಿಕ್ಕು ಉಲ್ಟಾ.

2021ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬಂದ ಒಂದು ವಿಮಾನಕ್ಕೆ 26ರಲ್ಲಿ ಇಳಿಯಲು ಅನುಮತಿ ಸಿಕ್ಕಿತು. ಆದರೆ ಅದು ಇಳಿದದ್ದು 08ರಲ್ಲಿ. ಯಾರಿಗೂ ಏನೂ ಆಗಲಿಲ್ಲ. ಆ ಹೊತ್ತಿಗೆ ಎದುರು ತುದಿಯಿಂದ ಇನ್ನೊಂದು ವಿಮಾನ ಏರಲು ಹೊರಟಿದ್ದರೆ? ಆ ಯೋಚನೆಯಿಂದಲೇ ತನಿಖೆಗೆ ಆದೇಶವಾಯಿತು, ಪೈಲಟ್‌ಗಳನ್ನು ಹಾರಾಟದಿಂದ ದೂರ ಇಟ್ಟರು. ಅಪಘಾತ ಆಗದಿದ್ದರೂ ವಿಚಾರಣೆ ಮಾಡುವುದು ವಿಮಾನಲೋಕದ ಒಂದು ಒಳ್ಳೆಯ ಪದ್ಧತಿ. ಹತ್ತು ರೂಪಾಯಿಯ ತಪ್ಪನ್ನು ಹುಡುಕಿದರೆ ಹತ್ತು ಲಕ್ಷದ ತಪ್ಪು ತಪ್ಪುತ್ತದೆ.

ಬೆಂಗಳೂರಿನ ಆ ಬೆಳಗು

ಬೆಳಗಾವಿಯಲ್ಲಿ ರನ್‌ವೇ ಒಂದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎರಡಿವೆ. ಉತ್ತರದ್ದು ಒಂದು, ದಕ್ಷಿಣದ್ದು ಒಂದು. ಅಕ್ಕಪಕ್ಕದಲ್ಲಿ ರೈಲು ಹಳಿಗಳ ಹಾಗೆ ಸಮಾನಾಂತರವಾಗಿ ಚಾಚಿಕೊಂಡಿವೆ. ಒಂದೊಂದಕ್ಕೂ ಬೇರೆ ಬೇರೆ ನಿಯಂತ್ರಕರು.

2022ರ ಜನವರಿ 9ರ ಬೆಳಿಗ್ಗೆ ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ನಡುವೆ ಪಾಳಿಯ ಮುಖ್ಯಸ್ಥರು ದಕ್ಷಿಣದ ರನ್‌ವೇ ಮುಚ್ಚಿ, ಏರುವುದೂ ಇಳಿಯುವುದೂ ಉತ್ತರದಿಂದಲೇ ಆಗಲಿ ಎಂದು ತೀರ್ಮಾನಿಸಿದರು. ತೀರ್ಮಾನವೇನೋ ಆಯಿತು. ಆದರೆ ಅದು ದಕ್ಷಿಣದ ನಿಯಂತ್ರಕರಿಗೆ ತಲುಪಲಿಲ್ಲ. ಅವರು ಭುವನೇಶ್ವರಕ್ಕೆ ಹೊರಟ ವಿಮಾನಕ್ಕೆ ಹಾರಲು ಅನುಮತಿ ಕೊಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಉತ್ತರದವರು ಕೋಲ್ಕತ್ತಕ್ಕೆ ಹೊರಟ ವಿಮಾನಕ್ಕೆ ಅನುಮತಿ ಕೊಟ್ಟರು. ಎರಡೂ ಏರಿದವು, ಒಂದೇ ದಿಕ್ಕಿಗೆ. ಮೇಲೇರುತ್ತ ಒಂದರ ಹತ್ತಿರ ಒಂದು ಬರತೊಡಗಿದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ಉಳಿಸಿದವರು ರಾಡಾರ್ ಪರದೆಯ ಮುಂದಿದ್ದ ಒಬ್ಬ ನಿಯಂತ್ರಕ. ಎರಡು ಚುಕ್ಕೆಗಳು ಹತ್ತಿರವಾಗುತ್ತಿರುವುದನ್ನು ಕಂಡ ತಕ್ಷಣ ಅವರು ಎರಡೂ ವಿಮಾನಗಳಿಗೆ ದೂರ ಸರಿಯುವಂತೆ ಬೇರೆ ಬೇರೆ ದಿಕ್ಕು ಕೊಟ್ಟರು. ಪೈಲಟ್‌ಗಳು ತಿರುಗಿಸಿದರು. ಅಷ್ಟೇ. ಪ್ರಯಾಣಿಕರಿಗೆ ವಿಮಾನ ಸ್ವಲ್ಪ ವಾಲಿದ್ದು ಮಾತ್ರ ಗೊತ್ತಾಗಿರಬಹುದು.

ಈ ಪ್ರಕರಣದಲ್ಲಿ ಯಂತ್ರ ಕೆಟ್ಟಿರಲಿಲ್ಲ. ಪೈಲಟ್‌ಗಳು ತಪ್ಪು ಮಾಡಿರಲಿಲ್ಲ, ತಮಗೆ ಸಿಕ್ಕ ಅನುಮತಿಯಂತೆ ಹಾರಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ ಒಂದು ಮಾತು ಹೇಳದೆ ಉಳಿದಿತ್ತು. ಇನ್ನೊಂದು ಸಂಗತಿಯೂ ಆಮೇಲೆ ಹೊರಬಂತು. ಅಂದಿನ ದಾಖಲೆ ಪುಸ್ತಕದಲ್ಲಿ ಈ ಘಟನೆಯನ್ನು ಬರೆದಿರಲಿಲ್ಲ. ನಾನು ಲೆಕ್ಕದ ಮನುಷ್ಯ, ಇದು ನನಗೆ ಹೆಚ್ಚು ನೋವು ಕೊಟ್ಟಿತು. ತಪ್ಪು ಮಾಡದವರು ಯಾರೂ ಇಲ್ಲ. ಆದರೆ ಪುಸ್ತಕದಲ್ಲಿ ಬರೆಯದ ತಪ್ಪಿನಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ತನಿಖೆಯ ನಂತರ ಕೆಲವು ನಿಯಂತ್ರಕರ ಪರವಾನಗಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು.

ಒತ್ತಡದ ಕಿವಿ

ಇಷ್ಟು ಕಲಿತವರು, ಇಷ್ಟು ನಿಯಮ ಇದ್ದವರು ಯಾಕೆ ತಪ್ಪುತ್ತಾರೆ? ಪರೀಕ್ಷೆಯ ದಿನ ನಿಮಗೇ ಆಗುವುದನ್ನು ನೆನಪಿಸಿಕೊಳ್ಳಿ ಮಕ್ಕಳೇ. ಎದೆ ಡವಡವ ಎನ್ನುತ್ತದೆ. ಪ್ರಶ್ನೆಯಲ್ಲಿ "ಯಾವುದು ಸರಿಯಲ್ಲ" ಎಂದಿದ್ದರೂ "ಯಾವುದು ಸರಿ" ಎಂದೇ ಓದಿಬಿಡುತ್ತೀರಿ. ಕಣ್ಣು ಸರಿಯಾಗಿಯೇ ಇತ್ತು. ಮನಸ್ಸು ಅವಸರದಲ್ಲಿ ತಾನು ನಿರೀಕ್ಷಿಸಿದ್ದನ್ನೇ ಓದಿತು.

ಕಿವಿಗೂ ಹಾಗೆಯೇ. ಒತ್ತಡದಲ್ಲಿರುವ ಮನುಷ್ಯ ಹೇಳಿದ್ದನ್ನು ಕೇಳುವುದಿಲ್ಲ, ತಾನು ಕಾಯುತ್ತಿರುವುದನ್ನು ಕೇಳುತ್ತಾನೆ. ಗಮನ ಕೊಳವೆಯೊಳಗಿಂದ ನೋಡಿದ ಹಾಗೆ ಕಿರಿದಾಗುತ್ತದೆ. ಒಂದೇ ಕಡೆ ದಿಟ್ಟಿಸುತ್ತ ಪಕ್ಕದ್ದನ್ನು ಮರೆಯುತ್ತಾನೆ. ನಿದ್ದೆಗೆಟ್ಟಿದ್ದರೆ ಇನ್ನೂ ಕಷ್ಟ. ನಡುರಾತ್ರಿ ಕಳೆದು ಬೆಳಗಾಗುವವರೆಗೆ ನಮ್ಮ ದೇಹ ನಿದ್ದೆ ಬೇಡುತ್ತದೆ. ಆದರೆ ವಿಮಾನಗಳಿಗೆ ರಾತ್ರಿ ಇಲ್ಲ. ಮಳೆ, ಮಂಜು ಬಂದರೆ ಬರುವ ವಿಮಾನಗಳೆಲ್ಲ ಒಟ್ಟಿಗೆ ಸಾಲು ನಿಲ್ಲುತ್ತವೆ, ಒಂದೇ ತರಂಗಾಂತರದಲ್ಲಿ ಹತ್ತಾರು ಪೈಲಟ್‌ಗಳು ಮಾತಾಡಲು ಕಾಯುತ್ತಾರೆ.

ಹಾಗಾಗಿ ಹಲವು ದೇಶಗಳಲ್ಲಿ ನಿಯಂತ್ರಕರನ್ನು ಸುಮಾರು ಎರಡು ತಾಸಿಗಿಂತ ಹೆಚ್ಚು ಒಂದೇ ಸಮನೆ ಪರದೆಯ ಮುಂದೆ ಕೂರಿಸುವುದಿಲ್ಲ, ಎಬ್ಬಿಸಿ ವಿಶ್ರಾಂತಿ ಕೊಡುತ್ತಾರೆ. ಅದು ಸೋಮಾರಿತನವಲ್ಲ. ದಣಿದ ಎತ್ತಿಗೆ ನೊಗ ಕಟ್ಟಬಾರದು ಎಂಬುದು ನಮ್ಮ ರೈತರಿಗೆ ಗೊತ್ತಿರುವ ನ್ಯಾಯವೇ. ಎದ್ದು ಹೋಗುವವರು ಬಂದು ಕೂರುವವರಿಗೆ ಪ್ರತಿಯೊಂದು ವಿಮಾನದ ಸ್ಥಿತಿಯನ್ನೂ ಒಪ್ಪಿಸಿ ಹೋಗಬೇಕು. ಬ್ಯಾಂಕಿನಲ್ಲಿ ತಿಜೋರಿಯ ಕೀಲಿ ಕೊಡುವಾಗ ಹಣ ಎಣಿಸಿ ಒಪ್ಪಿಸುವ ಹಾಗೆ.

"ಓಕೆ" ಎಂಬ ಒಂದು ಪದ

ಈ ಒತ್ತಡ ಮತ್ತು ಅರ್ಧ ಕೇಳಿದ ಮಾತು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಲೋಕವೇ ನೆನಪಿಡುವ ಒಂದು ದಿನವಿದೆ. 1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ಎಂಬ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ದೊಡ್ಡ ದೊಡ್ಡ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದಿಳಿದಿದ್ದವು. ಜೊತೆಗೆ ದಟ್ಟ ಮಂಜು. ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಜಂಬೋ ವಿಮಾನ ಹಾರಲು ಸಿದ್ಧವಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಜಂಬೋ ಅದೇ ರನ್‌ವೇ ಮೇಲೆ ಇನ್ನೂ ಸಾಗುತ್ತಿತ್ತು. ಮಂಜಿನಲ್ಲಿ ಒಂದಕ್ಕೊಂದು ಕಾಣುತ್ತಿರಲಿಲ್ಲ.

ಕೆಎಲ್‌ಎಂನ ಹಿರಿಯ ಕ್ಯಾಪ್ಟನ್ ಅವಸರದಲ್ಲಿದ್ದರು. ಇನ್ನೂ ತಡವಾದರೆ ಅವರ ಕರ್ತವ್ಯದ ಅವಧಿಯ ಮಿತಿ ಮುಗಿದು ವಿಮಾನ ಅಲ್ಲೇ ಉಳಿಯಬೇಕಿತ್ತು. ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂದು ನಿಯಂತ್ರಕರು ಹೇಳಿದ್ದನ್ನು ಅವರು ಹಾರಲು ಸಿಕ್ಕ ಅನುಮತಿ ಎಂದು ತಿಳಿದರು. ನಿಯಂತ್ರಕರು "ಓಕೆ" ಎಂದು, "ಕಾಯಿರಿ, ಹೇಳುತ್ತೇನೆ" ಎಂಬರ್ಥದ ಮಾತು ಸೇರಿಸಿದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್ ಪೈಲಟ್ ಕೂಡ "ನಾವಿನ್ನೂ ರನ್‌ವೇ ಮೇಲಿದ್ದೇವೆ" ಎಂದು ಕೂಗಿದರು. ಇಬ್ಬರೂ ಒಟ್ಟಿಗೆ ಮಾತಾಡಿದ್ದರಿಂದ ಕೆಎಲ್‌ಎಂ ವಿಮಾನದಲ್ಲಿ "ಓಕೆ" ಆದ ಮೇಲೆ ಬಹಳಷ್ಟು ಕೀರಲು ಸದ್ದಿನಲ್ಲಿ ಮುಳುಗಿತು. ವಿಮಾನದ ಎಂಜಿನಿಯರ್ ಅನುಮಾನಪಟ್ಟು, ಆ ವಿಮಾನ ಇನ್ನೂ ದಾಟಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ದಾಟಿದೆ ಎಂದುಬಿಟ್ಟರು. 583 ಜನ ತೀರಿಕೊಂಡರು.

ಆಮೇಲೆ ಲೋಕದ ಎಲ್ಲ ನಿಲ್ದಾಣಗಳ ಮಾತೇ ಬದಲಾಯಿತು. "ಟೇಕಾಫ್" ಎಂಬ ಪದವನ್ನು ಹಾರಲು ನಿಜವಾದ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದಾಗ ಬೇರೆ ಪದ. ಹಿರಿಯರು ಕಿರಿಯರ ಮಾತು ಕೇಳುವುದನ್ನೂ, ಕಿರಿಯರು ಹಿರಿಯರಿಗೆ ಧೈರ್ಯವಾಗಿ ಹೇಳುವುದನ್ನೂ ಪೈಲಟ್‌ಗಳಿಗೆ ಪಾಠವಾಗಿ ಕಲಿಸಲು ಶುರುಮಾಡಿದರು.

ನಮ್ಮ ದೇಶವೂ ಇಂಥ ದುಃಖ ಕಂಡಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎತ್ತರ ಕೊಟ್ಟಿದ್ದರು. ಎದುರಿಗೆ ವಿಮಾನ ಬರುತ್ತಿದೆ ಎಂದೂ ಹೇಳಿದ್ದರು. ಆದರೆ ಕಜಕಸ್ತಾನದ ವಿಮಾನ ಇನ್ನೂ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ತೀರಿಕೊಂಡರು. ಆ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದುದೂ ಕಾರಣಗಳಲ್ಲಿ ಒಂದು ಎಂದು ತನಿಖೆಯಲ್ಲಿ ಬಂತು. ಈಗ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ನಿಯಂತ್ರಕರೂ ಭಾಷೆಯ ಪರೀಕ್ಷೆ ಪಾಸಾಗಬೇಕು. ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಎಚ್ಚರಿಕೆಯ ಯಂತ್ರವೂ ಕಡ್ಡಾಯವಾಗಿದೆ.

ಮಂಗಳೂರಿನಲ್ಲಿ ಮೂರು ಸಲ ಹೇಳಿದ ಮಾತು

ಹಿರಿಯರಿಗೆ ಕಿರಿಯರು ಹೇಳುವ ಮಾತು ಬಂತಲ್ಲ. ಆ ಮಾತು ಬಂದಾಗಲೆಲ್ಲ ನನಗೆ ಮಂಗಳೂರು ನೆನಪಾಗುತ್ತದೆ. 2010ರ ಮೇ 22ರ ಬೆಳಿಗ್ಗೆ ಆರು ಗಂಟೆಯ ಹೊತ್ತು. ದುಬೈಯಿಂದ 166 ಜನರನ್ನು ಹೊತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಗೆ ಬರುತ್ತಿತ್ತು. ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ನಿಲ್ದಾಣ ಅದು, ರನ್‌ವೇ ತುದಿಯಾಚೆ ಕಣಿವೆ.

ಎರಡು ದಿನದಿಂದ ಅಲ್ಲಿಯ ರಾಡಾರ್ ಕೆಟ್ಟಿತ್ತು. ಹಾಗಾಗಿ ನಿಯಂತ್ರಕರು ವಿಮಾನವನ್ನು ಎಂದಿನಂತೆ ದೂರದಿಂದಲೇ ಇಳಿಸಲು ಬರಲಿಲ್ಲ, ಹತ್ತಿರ ಬಂದ ಮೇಲೆ ಇಳಿಯಲು ಹೇಳಿದರು. ಕ್ಯಾಪ್ಟನ್ ಪ್ರಯಾಣದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರೆಂದು ಧ್ವನಿ ದಾಖಲೆಯಿಂದ ತನಿಖೆಗೆ ತಿಳಿಯಿತು. ಎದ್ದಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಗೋಪುರದವರು "ಸರಿಯಾದ ಇಳಿಜಾರಿನ ದಾರಿಗೆ ಬಂದಿರಾ?" ಎಂದು ವಿಚಾರಿಸಿದರು. ಕ್ಯಾಪ್ಟನ್ ಒತ್ತಾಯಿಸಿದ್ದರಿಂದ ಸಹಪೈಲಟ್ "ಹೌದು" ಎಂದು ಉತ್ತರಿಸಿದರು. ಗೋಪುರದವರು ಆ ಹೌದನ್ನು ನಂಬಿ ಇಳಿಯಲು ಅನುಮತಿ ಕೊಟ್ಟರು. ಬೇರೇನು ಮಾಡಲಾದೀತು?

ಸಹಪೈಲಟ್ ಮೂರು ಸಲ ಹೇಳಿದರು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದದ್ದು ಸಾಲಲಿಲ್ಲ. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ದುಡಿಯಲು ಹೋದವರು, ರಜೆಗೆ ಮನೆಗೆ ಬರುತ್ತಿದ್ದವರು, ಮಕ್ಕಳು. ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳು ಆ ದಿನವನ್ನು ಇನ್ನೂ ಮರೆತಿಲ್ಲ.

ಇಲ್ಲಿ ಎರಡು ಮಾತುಗಳಿವೆ. ಗೋಪುರಕ್ಕೆ ಹೋದದ್ದು ನಿಜವಲ್ಲದ ಒಂದು "ಹೌದು". ಕ್ಯಾಪ್ಟನ್‌ಗೆ ಹೇಳಿದ್ದು ನಿಜವಾದ ಮೂರು "ಬೇಡ". ಮೊದಲನೆಯದನ್ನು ನಂಬಿದರು, ಎರಡನೆಯದನ್ನು ಕೇಳಲಿಲ್ಲ. ನಾವು ಅಜ್ಜಂದಿರು ಇದನ್ನು ಗಮನಿಸಬೇಕು. "ನನಗ ಗೊತ್ತೈತಿ, ನೀ ಸುಮ್ಮನಿರು" ಎಂದು ಚಿಕ್ಕವರ ಬಾಯಿ ಮುಚ್ಚಿಸುವುದರಲ್ಲಿ ನಾವು ನಿಪುಣರು. ವಯಸ್ಸಿಗೆ ಗೌರವ ಇರಲಿ. ಆದರೆ ಚಿಕ್ಕವರು ಮೂರು ಸಲ ಒಂದೇ ಮಾತು ಹೇಳಿದರೆ, ಒಮ್ಮೆಯಾದರೂ ನಿಂತು ಕೇಳಬೇಕು.

ಹೇಳಲು ಸಂಕೋಚ ಬೇಡ

ಇನ್ನೊಂದು ಪದ ಹೇಳಿ ಮುಗಿಸುತ್ತೇನೆ. ಪೈಲಟ್‌ಗೆ ಪ್ರಾಣಾಪಾಯ ಬಂದರೆ "ಮೇಡೇ, ಮೇಡೇ, ಮೇಡೇ" ಎಂದು ಮೂರು ಸಲ ಕೂಗಬೇಕು. "ನನಗೆ ಸಹಾಯ ಮಾಡಿ" ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದ ಅದು. ಕೇಳಿದ ಕೂಡಲೇ ಉಳಿದವರೆಲ್ಲ ಸುಮ್ಮನಾಗಿ ಆ ವಿಮಾನಕ್ಕೆ ದಾರಿ ಬಿಡುತ್ತಾರೆ.

1990ರ ಜನವರಿ 25ರ ರಾತ್ರಿ ಕೊಲಂಬಿಯಾದ ಏವಿಯಾಂಕಾ ವಿಮಾನವೊಂದು ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಕೆಟ್ಟ ಹವೆಯಿಂದಾಗಿ ಒಂದು ತಾಸಿಗೂ ಹೆಚ್ಚು ಕಾಲ ಸುತ್ತುತ್ತ ಕಾದಿತ್ತು. ಇಂಧನ ಮುಗಿಯುತ್ತ ಬಂದಿತ್ತು. ಸಹಪೈಲಟ್ ನಿಯಂತ್ರಕರಿಗೆ "ಇಂಧನ ಕಡಿಮೆಯಾಗುತ್ತಿದೆ" ಎಂದು ಸಾಮಾನ್ಯ ದನಿಯಲ್ಲಿ ಹೇಳಿದರು. "ಮೇಡೇ" ಎನ್ನಲಿಲ್ಲ, "ತುರ್ತು" ಎಂಬ ಪದವನ್ನೂ ಬಳಸಲಿಲ್ಲ. ಕಾದು ನಿಂತ ಎಲ್ಲ ವಿಮಾನಗಳಲ್ಲೂ ಇಂಧನ ಕಡಿಮೆಯಾಗುತ್ತಲೇ ಇರುತ್ತದೆ. ನಿಯಂತ್ರಕರಿಗೆ ಅದರ ಗಂಭೀರತೆ ತಿಳಿಯಲಿಲ್ಲ. ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ಬಿತ್ತು. 158 ಜನರಲ್ಲಿ 73 ಜನ ತೀರಿಕೊಂಡರು.

ಇದನ್ನು ಓದಿದಾಗ ನನಗೆ ನಮ್ಮ ವಯಸ್ಸಿನವರೇ ಕಣ್ಣಮುಂದೆ ಬಂದರು. ಮಗ ಪುಣೆಯಿಂದಲೋ ಬೆಂಗಳೂರಿನಿಂದಲೋ ಫೋನ್ ಮಾಡಿ "ಆರಾಮ ಇದ್ದೀರೇನ್ರಿ?" ಎಂದರೆ, ಎದೆ ಹಿಡಿದಿದ್ದರೂ "ಏನಿಲ್ಲಪಾ, ಸ್ವಲ್ಪ ಗ್ಯಾಸ್ ಆಗೈತಿ" ಎನ್ನುತ್ತೇವೆ. ಅವರಿಗೆ ತೊಂದರೆ ಯಾಕೆ ಎಂಬ ಸಂಕೋಚ. ಅವರು ದೂರದಲ್ಲಿರುವ ನಿಯಂತ್ರಕರ ಹಾಗೆ, ನಾವು ಹೇಳಿದಷ್ಟೇ ಅವರಿಗೆ ಗೊತ್ತು. ಆಪತ್ತಿನ ಮಾತನ್ನು ಆಪತ್ತಿನ ಮಾತಿನಲ್ಲೇ ಹೇಳಬೇಕು.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಡಾಕ್ಟರ್ ಗುಳಿಗೆ ಬರೆದುಕೊಟ್ಟಾಗ ನಾನು ಅಲ್ಲೇ ನಿಂತು ತಿರುಗಿ ಹೇಳುತ್ತೇನೆ. "ಬಿಳಿ ಗುಳಿಗೆ ಮುಂಜಾನೆ ಉಂಡ ಮ್ಯಾಲ ಒಂದು, ಕೆಂಪು ರಾತ್ರಿ ಅರ್ಧ, ಹೌದಲ್ರಿ?" ಎಂದು. ಒಮ್ಮೆ ನಾನು ಅರ್ಧಕ್ಕೆ ಒಂದು ಎಂದಿದ್ದೆ. ಅವರು ಆಗಲೇ ತಿದ್ದಿದರು.

ಮಕ್ಕಳೇ, ನಿಮಗೊಂದು ಆಟ. ಒಬ್ಬರು ನಿಯಂತ್ರಕರಾಗಿ, ಒಬ್ಬರು ಕಣ್ಣು ಕಟ್ಟಿಕೊಂಡ ಪೈಲಟ್ ಆಗಿ. ಅಂಗಳದಲ್ಲಿ ನಾಲ್ಕು ಚೆಂಬು, ಎರಡು ಮಣೆ ಇಡಿ. "ಎರಡು ಹೆಜ್ಜೆ ಮುಂದೆ, ಆಮೇಲೆ ಎಡಕ್ಕೆ" ಎಂದು ನಿಯಂತ್ರಕ ಹೇಳಬೇಕು. ಪೈಲಟ್ ಅದನ್ನು ತಿರುಗಿ ಹೇಳಿದ ಮೇಲೆಯೇ ಹೆಜ್ಜೆ ಇಡಬೇಕು. ಉಳಿದವರು ಸುತ್ತ ನಿಂತು ಗದ್ದಲ ಮಾಡಲಿ. ಮೊದಲು ತಿರುಗಿ ಹೇಳದೆ ಆಡಿ, ಆಮೇಲೆ ತಿರುಗಿ ಹೇಳಿ ಆಡಿ. ಎಷ್ಟು ಚೆಂಬು ಉರುಳಿದವು ಎಂದು ಎಣಿಸಿ.

ನನ್ನ ಮೊಮ್ಮಗ ಈ ಆಟದಲ್ಲಿ ನನ್ನನ್ನೇ ಪೈಲಟ್ ಮಾಡಿದ. "ಅಜ್ಜಾ, ಎಡಕ್ಕ" ಎಂದ. ನಾನು "ಬಲಕ್ಕ" ಎಂದು ತಿರುಗಿ ಹೇಳಿದೆ. "ಅಲ್ಲ ಅಜ್ಜಾ, ಎಡಕ್ಕ! ಎಡಕ್ಕ!" ಎಂದು ಕೂಗಿದ. ನಿಂತೆ. ಕಾಲ ಬುಡದಲ್ಲಿದ್ದ ಹಾಲಿನ ಚೆಂಬು ಉಳಿಯಿತು.